ಅರ್ಧ ಲೀಟರು

ಟ್ರಿಯೆಸ್ತೆಗೆ ಡಿಸೆಂಬರು ನಡೆದು ಬರುವುದಿಲ್ಲ,
ಬೋರಾ ಗಾಳಿಯ ಹೆಗಲೇರಿ ಬರುತ್ತದೆ.
ಕಾರ್ಸೊ ಗುಡ್ಡದಿಂದ ಧುಮುಕಿ
ಕಸದ ಡಬ್ಬಿಗಳನ್ನು ಕಡಲಿನತ್ತ ಅಟ್ಟಿ
ಸಾಲ ಕೊಟ್ಟವನ ಹಾಗೆ ನನ್ನಂಗಡಿಯ ಬಾಗಿಲು ಒದೆಯುತ್ತದೆ.
ಬಾಗಿಲು ಅಪ್ಪನ ಕಾಲದ್ದು, ಒಳಕ್ಕೇ ತೆರೆಯುತ್ತದೆ.
ಹೊರಕ್ಕೆ ತೆರೆಯುವ ಬಾಗಿಲಿಡುವವನು
ಈ ಊರಿನವನೇ ಅಲ್ಲ ಅನ್ನುತ್ತಿದ್ದ.

ಉದ್ದ ಏಳು ಹೆಜ್ಜೆ, ಅಗಲ ನಾಲ್ಕು.
ಗೋಡೆಗೊರಗಿ ಒಂಬತ್ತು ಗುಡಾಣ,
ಬೆತ್ತದ ಲಂಗ ತೊಟ್ಟ ದಪ್ಪ ಗಾಜಿನ ಹೆಂಗಸರು.
ಟೆರ್ರಾನೊ, ನಾಲಿಗೆ ಚುರುಗುಟ್ಟಿಸುವ ಕಪ್ಪುಗೆಂಪು.
ಮಾಲ್ವಾಸಿಯಾ, ಒಣಹುಲ್ಲಿನ ಬಣ್ಣ.
ಮೂಲೆಯದ್ದು ಯಾವುದೆಂದು ಕೇಳಬೇಡಿ, ಅಡುಗೆಗೆ.

ಬಾಟಲಿ ನೀವೇ ತರಬೇಕು, ನಾನು ತುಂಬಿಸಿ ಕೊಡುತ್ತೇನೆ.
ಇಪ್ಪತ್ತಾರು ವರ್ಷ ತುಂಬಿಸಿ ತುಂಬಿಸಿ
ಮುಖಕ್ಕಿಂತ ಮೊದಲು ಬಾಟಲಿ ಗುರುತು ಹತ್ತುತ್ತದೆ:
ನರ್ಸ್ ಮಿರ್ಯಾಮಳದು ಸೋಡಾದ್ದು, ಮುಚ್ಚಳ ಸಡಿಲ.
ಪಾದ್ರಿ ದೋನ್ ಲಿವಿಯೊನದು ಕೆಮ್ಮಿನ ಔಷಧದ ಸೀಸೆ,
ಔಷಧಕ್ಕೇ ಅನ್ನುತ್ತಾನೆ, ನಾನೂ ನಂಬುತ್ತೇನೆ.
ಸ್ಲಾವಿತ್ಸಾ ಅಜ್ಜಿ ಗುಡ್ಡದ ಸ್ಲೊವೇನ್ ಹಳ್ಳಿಯಿಂದ
ಕ್ರಿಸ್ಮಸ್ಸಿಗೆ ಡಬ್ಬ ಹೊತ್ತು ಇಳಿಯುತ್ತಾಳೆ,
ಹನ್ನೊಂದು ಲೀಟರು, "ಮೊಮ್ಮಕ್ಕಳಿಗಲ್ಲ" ಎಂದು ಕಣ್ಣು ಹೊಡೆದು.

ಎಜಿದಿಯೊನದು ಹಸಿರು, ಲೀಟರಿನದು,
ಕತ್ತಿನ ಬಳಿ ಕೂದಲೆಳೆಯ ಬಿರುಕು.
ಬಂದರಿನಲ್ಲಿ ಕ್ರೇನು ನಡೆಸಿದವನು,
ಮಾತನ್ನೂ ಮೇಲಿಂದಲೇ ಇಳಿಸುವವನು, ಒಂದೊಂದಾಗಿ.
ದಿನಾ ಸಂಜೆ ಐದೂವರೆ. ಟೆರ್ರಾನೊ.
ಅರ್ಧ ಅವನಿಗೆ, ಅರ್ಧ ಬ್ರೂನಾಗೆ.
ಮೂರು ವರ್ಷದಿಂದ ಬ್ರೂನಾಳ ಮೊಣಕಾಲು
ಮೆಟ್ಟಿಲಿಳಿಯಲು ಒಪ್ಪಿಲ್ಲ.

ಹಬ್ಬಕ್ಕೆ ಮೂರು ದಿನವಿದ್ದಾಗ ಅವನು ಮುಂದಿಟ್ಟದ್ದು
ಅರ್ಧ ಲೀಟರಿನ ಬಾಟಲಿ.
ಹೊಸದು. ತೊಳೆದದ್ದು.

ಆಲಿಕೆ ಕೈಯಲ್ಲೇ ನಿಂತಿತು.
"ಇಷ್ಟೇ?"
"ಇಷ್ಟು ಸಾಕು."
ಹಿಂದೆ ಸಾಲು, ಹಬ್ಬದ ವ್ಯಾಪಾರ,
ಯಾರೋ ಕಾಲು ಕುಟ್ಟಿ ಚಳಿ ಉದುರಿಸುತ್ತಿದ್ದರು.
ಕೇಳಲು ಬಾಯಿ ಬರಲಿಲ್ಲ.
ಅರ್ಧದ ದುಡ್ಡು ಎಣಿಸಿಕೊಂಡೆ, ಚಿಲ್ಲರೆ ತಪ್ಪಿತು.

ಅವತ್ತು ರಾತ್ರಿ ಬ್ರೂನಾಳನ್ನು ಆಸ್ಪತ್ರೆಗೆ ಸೇರಿಸಿದೆ, ಮನಸ್ಸಿನಲ್ಲೇ.
ಮರುದಿನ ಮತ್ತೆ ಅರ್ಧ.
ಅವಳಿಗೆ ಉಸಿರು ಸಿಗದಾಯಿತು.
ಇಪ್ಪತ್ನಾಲ್ಕರ ಮಧ್ಯಾಹ್ನ ಮೂರನೆಯ ಅರ್ಧ ಬರುವ ಹೊತ್ತಿಗೆ
ಅವಳನ್ನು ಮಣ್ಣು ಮಾಡಿ,
ದೋನ್ ಲಿವಿಯೊನಿಂದ ಪ್ರಾರ್ಥನೆಯನ್ನೂ ಮುಗಿಸಿ
ಗಲ್ಲಾಪೆಟ್ಟಿಗೆಯ ಹಿಂದೆ ಮೂಗೊರೆಸಿಕೊಂಡೆ.
ಗಿರಾಕಿಗಳು ನೆಗಡಿಯೆಂದುಕೊಂಡರು.

ಆರಕ್ಕೇ ಕದ ಎಳೆದೆ.
ಲೀಟರು ಟೆರ್ರಾನೊ, ಪೂರ್ತಿ ಲೀಟರು,
ಕೋಟಿನೊಳಗೆ ಕೂಸಿನ ಹಾಗೆ ಅವುಚಿ
ಬೀದಿಯಂಚಿಗೆ ಕಟ್ಟಿದ ಹಗ್ಗ ಹಿಡಿದು
ಏಡಿಯ ಹಾಗೆ ಅಡ್ಡಡ್ಡ ಏರು ಹತ್ತಿದೆ.
ನಾಲ್ಕನೇ ಮಹಡಿ.
ಹೇಳಬೇಕಾದ ಮಾತು ಬಾಯಲ್ಲಿ ತಿರುಗಿ ತಿರುಗಿ ಸವೆದಿತ್ತು.

ಬಾಗಿಲು ತೆರೆದವಳು ಬ್ರೂನಾ.
ಮೊಣಕೈವರೆಗೆ ಹಿಟ್ಟು, ಗಲ್ಲದ ಮೇಲೆ ಅಕ್ರೋಟಿನ ಚೂರು.
"ನೀವೆಸ್! ಯಾರು ಹೋದರೇ, ಮುಖ ಹೀಗಿದೆ?"

ಅವಳ ಬೆನ್ನ ಹಿಂದೆ, ಅಡುಗೆಮನೆಯ ದೀಪದಡಿ,
ನಾಚಿಕೆಯಿಲ್ಲದೆ ಕೂತಿತ್ತು
ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ಕಿನ ನಲ್ಲಿ ಸಮೇತ.
ಸೂಪರ್‌ಮಾರ್ಕೆಟ್ಟಿನದು. ಐದು ಲೀಟರು. ಹಬ್ಬದ ರಿಯಾಯಿತಿ.
ಎಜಿದಿಯೊ ತಲೆಯ ಮೇಲಿದ್ದ ಟೋಪಿಯನ್ನೇ ಹುಡುಕುತ್ತಾ
ಒಳಕೋಣೆಗೆ ಜಾರಿದ.
"ನಿನ್ನದು ಹುಳಿ ಕಣೇ," ಅಂದಳು ಬ್ರೂನಾ,
"ಇಷ್ಟು ವರ್ಷ ಬಾಯಿಬಿಡಲಿಲ್ಲ ಅಷ್ಟೇ.
ಅವನೊಬ್ಬ ಬಿಡಲೊಲ್ಲ."

ಬದುಕಿದ್ದಾಳೆಂಬ ಸಂತೋಷ ಒಂದು ಕಣ್ಣಲ್ಲಿ,
ಐದು ಲೀಟರಿನ ಹೊಟ್ಟೆಕಿಚ್ಚು ಇನ್ನೊಂದರಲ್ಲಿ,
ಎರಡೂ ಒದ್ದೆ, ಎರಡಕ್ಕೂ ಗಾಳಿಯ ನೆಪ.
ಕೋಟಿನೊಳಗಿನದನ್ನು ತೆಗೆಯಲೇ ಇಲ್ಲ.
ಬಿಸಿ ಪುತಿತ್ಸಾದ ತುಂಡೊಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು.

ಇಳಿಯುವಾಗ ಹಗ್ಗ ಬೇಕಾಗಲಿಲ್ಲ, ಗಾಳಿಯೇ ನೂಕಿತು.
ಅಂಗಡಿಯ ಕತ್ತಲಲ್ಲಿ, ಒಂಬತ್ತು ಹೆಂಗಸರ ಮುಂದೆ,
ಬಿರಡೆ ತೆಗೆದು
ಗಿರಾಕಿಯ ಹಾಗೆ ಒಂದು ಗುಟುಕು ಕುಡಿದೆ.

ಹುಳಿ.
ಹೌದು, ಸ್ವಲ್ಪ ಹುಳಿಯೇ.